ವೃಷಭಾವತಿಗೆ ಮಳೆ ನಿಧಾನವಾಗಿ ಇಳಿಯಲಿ

2017ರ ಅಕ್ಟೋಬರ್ 13ರ ರಾತ್ರಿ ಸುರಿದ ಮಳೆಗೆ ಪಶ್ಚಿಮ ಬೆಂಗಳೂರಿನ ಕುರುಬರಹಳ್ಳಿಯ ರಾಜಕಾಲುವೆ ಉಕ್ಕಿತು. ಅದರ ಸೆಳೆತಕ್ಕೆ ಸಿಕ್ಕಿ ತಾಯಿ, ಮಗಳು ಹಾಗೂ ದೇವಸ್ಥಾನದ ಅರ್ಚಕರೊಬ್ಬರು ಕೊಚ್ಚಿಹೋದರು. ಅದೇ ವರ್ಷದ ಮೇ ತಿಂಗಳಲ್ಲಿ, ಅದೇ ಭಾಗದಲ್ಲಿ ಹೂಳೆತ್ತಲು ಬಂದಿದ್ದ ಗುತ್ತಿಗೆ ಕಾರ್ಮಿಕರೊಬ್ಬರೂ ಕಾಲುವೆಯ ಪಾಲಾಗಿದ್ದರು. ಆಮೇಲೆ ತಡೆಗೋಡೆಗಳು ಎದ್ದವು, ಕಾಮಗಾರಿಗಳು ನಡೆದವು. ಆದರೂ ಮುಂಗಾರು ಪೂರ್ವದ ಒಂದು ಜೋರು ಮಳೆಗೆ ತಗ್ಗಿನ ಬೀದಿಗಳ ಜನ ಇಂದಿಗೂ ಮನೆಯ ಸಾಮಾನು ಮೇಲೆತ್ತಿಡುತ್ತಾರೆ.

ಕಾರಣ ನೆಲದ ಇಳಿಜಾರಿನಲ್ಲಿದೆ. ಬೆಂಗಳೂರು ದಿಣ್ಣೆಯ ಮೇಲಿನ ಊರು. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಗೆ ಇಳಿದು, ಬಿಡದಿ ಸಮೀಪದ ಬೈರಮಂಗಲ ಕೆರೆ ಹಾಯ್ದು, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಮಲ್ಲೇಶ್ವರ, ರಾಜಾಜಿನಗರಗಳ ಎತ್ತರದಲ್ಲಿ ಬಿದ್ದ ನೀರು ಬಸವೇಶ್ವರನಗರ, ವಿಜಯನಗರಗಳ ಮೋರಿ ನೀರನ್ನೂ ಕೂಡಿಸಿಕೊಂಡು ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ, ನಾಯಂಡಹಳ್ಳಿ, ಕೆಂಗೇರಿಗಳತ್ತ ಧಾವಿಸುತ್ತದೆ.

ಈ ಇಳಿಜಾರು ಹೊಸದಲ್ಲ. ಹಿಂದೆ ದಾರಿಯುದ್ದಕ್ಕೂ ಕೆರೆಗಳಿದ್ದವು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ಮೇಲಷ್ಟೇ ಕೆಳಗಿನ ಕೆರೆಗೆ ನೀರು. ಹೀಗೆ ಒಂದು ಮಳೆಯ ನೀರು ಕಣಿವೆಗೆ ಇಳಿಯಲು ದಿನಗಳೇ ಹಿಡಿಯುತ್ತಿದ್ದವು. ಆ ಕೆರೆಗಳ ಮೇಲೆಯೇ ನಮ್ಮ ಬಡಾವಣೆಗಳು ಬಂದಿವೆ. ಕೇತಮಾರನಹಳ್ಳಿ ಕೆರೆ ರಾಜಾಜಿನಗರದ ಬಡಾವಣೆಯಲ್ಲಿ ಸೇರಿಹೋಯಿತು. ಕುರುಬರಹಳ್ಳಿ ಕೆರೆಯಂಗಳದಲ್ಲಿ ಮನೆಗಳೆದ್ದವು. ಕಾಮಾಕ್ಷಿಪಾಳ್ಯ, ಶಿವನಹಳ್ಳಿ ಕೆರೆಗಳು ಆಟದ ಮೈದಾನಗಳಾದವು. ಧರ್ಮಾಂಬುಧಿಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ.

ಕೆರೆಗಳ ಜೊತೆ ಕಾಲುವೆಗಳೂ ಹೋದವು. ಬೆಂಗಳೂರಿನ ಮಳೆನೀರು ನಿರ್ವಹಣೆ ಕುರಿತು 2021ರಲ್ಲಿ ಬಂದ ಸಿಎಜಿ ವರದಿ ಇದನ್ನು ಅಳೆದು ಹೇಳಿದೆ. 1900ರ ದಶಕದ ಆರಂಭದಲ್ಲಿ ವೃಷಭಾವತಿ ಕಣಿವೆಯಲ್ಲಿ 226.29 ಕಿ.ಮೀ. ಕಾಲುವೆಗಳಿದ್ದವು. 2016–17ರ ವೇಳೆಗೆ ಉಳಿದದ್ದು 111.72 ಕಿ.ಮೀ. ಅರ್ಧಕ್ಕಿಂತ ಹೆಚ್ಚು ದಾರಿ ಮುಚ್ಚಿದೆ. ಉಳಿದರ್ಧದಲ್ಲಿ ಹೂಳು, ಪ್ಲಾಸ್ಟಿಕ್, ಕಟ್ಟಡದ ಅವಶೇಷ, ಒಳಚರಂಡಿಯ ಕೊಳಚೆ. ಅದೇ ಹೊತ್ತಿಗೆ ಮಣ್ಣಿನ ನೆಲವೆಲ್ಲ ಡಾಂಬರು, ಕಾಂಕ್ರೀಟ್, ಟೈಲ್ಸ್ ಆಗಿರುವುದರಿಂದ ಇಂಗಬೇಕಿದ್ದ ಮಳೆಯೂ ಮೋರಿಗೇ ಬರುತ್ತಿದೆ.

ಗೋಡೆ ಎತ್ತರಿಸಿದರೆ ಸಾಲದು

ಪ್ರವಾಹ ಬಂದಾಗಲೆಲ್ಲ ನಮ್ಮ ಆಡಳಿತಕ್ಕೆ ಹೊಳೆಯುವುದು ಒಂದೇ: ಕಾಲುವೆಗೆ ಕಾಂಕ್ರೀಟ್ ಹಾಸಿ, ಗೋಡೆ ಎತ್ತರಿಸುವುದು. ಅದರಿಂದ ಆ ಬೀದಿ ಉಳಿಯಬಹುದು. ಆದರೆ ನುಣುಪಾದ ಕಾಲುವೆಯಲ್ಲಿ ನೀರು ಇನ್ನೂ ವೇಗವಾಗಿ ಓಡಿ ಕೆಳಗಿನ ಬಡಾವಣೆಗೆ ಒಮ್ಮೆಲೇ ನುಗ್ಗುತ್ತದೆ. ಕುರುಬರಹಳ್ಳಿಯ ಕಷ್ಟವನ್ನು ನಾಯಂಡಹಳ್ಳಿಗೆ, ನಾಯಂಡಹಳ್ಳಿಯದನ್ನು ಕೆಂಗೇರಿಗೆ ದಾಟಿಸಿದರೆ ಪರಿಹಾರವಾಗುವುದಿಲ್ಲ. ಪಶ್ಚಿಮ ಬೆಂಗಳೂರಿಗೆ ಬೇಕಿರುವುದು ನೀರನ್ನು ಮೇಲೆಯೇ ತಡೆದು, ತಡವಾಗಿ ಕೆಳಗೆ ಬಿಡುವ ವ್ಯವಸ್ಥೆ.

ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರ 2011ರ ಜುಲೈನ ಮೇಘಸ್ಫೋಟದಲ್ಲಿ ಮುಳುಗಿದ ಮೇಲೆ ಇದನ್ನೇ ಮಾಡಿತು. ಎಂಗ್ಹಾವೆ ಎಂಬ ಹಳೆಯ ಉದ್ಯಾನವನ್ನು ಮಳೆನೀರು ತಂಗುವ ಹಾಗೆ ತಗ್ಗಿಸಿ ಕಟ್ಟಿತು. ಉಳಿದ ದಿನಗಳಲ್ಲಿ ಅದು ಎಂದಿನ ಉದ್ಯಾನವೇ. ನಮ್ಮಲ್ಲಿ ಮೈದಾನವಾದ ಕೆರೆಯಂಗಳಗಳೇ ಇವೆ. ಅವುಗಳ ಒಂದು ಭಾಗವನ್ನು ತುಸು ತಗ್ಗಿಸಿ, ಸುತ್ತಲ ಮೋರಿಯ ನೀರು ಮಳೆ ಜೋರಾದಾಗ ಒಳಗೆ ಬರುವಂತೆ ಮಾಡಿದರೆ, ಮರುದಿನ ಖಾಲಿಯಾಗಿ ಮತ್ತೆ ಆಟಕ್ಕೆ ಸಿಗುತ್ತದೆ. ಬಡಾವಣೆಯ ಉದ್ಯಾನಗಳಲ್ಲಿ ಇಂಗುಬಾವಿ ತೋಡಬಹುದು. ಆ ಕೆಲಸ ಬಲ್ಲ ಮಣ್ಣುವಡ್ಡರು ಬೆಂಗಳೂರಿನಲ್ಲೇ ಇದ್ದಾರೆ.

ನಮ್ಮ ಮಾಳಿಗೆಯ ಲೆಕ್ಕ

ಮೂವತ್ತು–ನಲವತ್ತರ ನಿವೇಶನದ ಮೇಲೆ 50 ಮಿ.ಮೀ. ಮಳೆಯಾದರೆ ಬೀಳುವ ನೀರು ಸುಮಾರು 5,500 ಲೀಟರ್. ಅಂಥ ಸಾವಿರ ಮನೆಗಳ ನೀರು 55 ಲಕ್ಷ ಲೀಟರ್. ಮಾಳಿಗೆಯ ಪೈಪು ನೇರ ಮೋರಿಗೆ ಬಿದ್ದರೆ ಇದಷ್ಟೂ ಗಂಟೆಯೊಳಗೆ ರಾಜಕಾಲುವೆಗೆ ಬರುತ್ತದೆ. ಸಂಪಿಗೋ ಇಂಗುಗುಂಡಿಗೋ ತಿರುಗಿಸಿದರೆ ಅದರಲ್ಲಿ ದೊಡ್ಡ ಪಾಲು ಬರುವುದೇ ಇಲ್ಲ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಂದ ತಿದ್ದುಪಡಿ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದೆ: 60×40 ಅಡಿಯ ಹಳೆಯ ಮನೆಗೂ, 30×40 ಅಡಿಯಲ್ಲಿ ಕಟ್ಟುವ ಹೊಸ ಮನೆಗೂ ಅದು ಅನ್ವಯ. ಕುಡಿಯುವ ನೀರಿನ ಉಳಿತಾಯವೆಂದು ನಾವು ತಿಳಿದಿರುವ ಈ ಕಾನೂನು ಪ್ರವಾಹ ತಡೆಗೂ ಅಷ್ಟೇ ಮುಖ್ಯ.

ಇನ್ನುಳಿದದ್ದು ಆಡಳಿತದ ಹೊಣೆ. ಹೂಳೆತ್ತುವುದು ಏಪ್ರಿಲ್‌ಗೆ ಮುನ್ನವೇ ಮುಗಿಯಬೇಕು. ಎತ್ತಿದ ಹೂಳು ದಡದಲ್ಲೇ ಕೂತು ಮೊದಲ ಮಳೆಗೆ ಮತ್ತೆ ಒಳಗಿಳಿಯಬಾರದು. ಕೊಳಚೆ ಪೈಪುಗಳನ್ನು ರಾಜಕಾಲುವೆಯಿಂದ ಬೇರ್ಪಡಿಸಬೇಕು. ಒತ್ತುವರಿ ತೆರವು ಬಡವರ ಶೀಟಿನ ಮನೆಯಿಂದ ಶುರುವಾಗಿ ದೊಡ್ಡ ಕಟ್ಟಡದ ಮುಂದೆ ನಿಲ್ಲಬಾರದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದಿವೆ. ಪಾಲಿಕೆಯ ಗಡಿ ಎಲ್ಲೇ ಇರಲಿ, ವೃಷಭಾವತಿಗೆ ಮಲ್ಲೇಶ್ವರದಿಂದ ಕೆಂಗೇರಿಯವರೆಗೆ ಒಂದೇ ಯೋಜನೆ, ಒಂದೇ ನಕ್ಷೆ ಇರಬೇಕು.

ಓದುಗರಲ್ಲಿ ಒಂದು ಮನವಿ. ಮುಂದಿನ ಮಳೆಗೆ ಮುನ್ನ ನಿಮ್ಮ ಮಾಳಿಗೆಯ ಪೈಪು ಎಲ್ಲಿಗೆ ಬೀಳುತ್ತದೆ ಎಂದು ನೋಡಿ. ಅದು ಮೋರಿಗೆ ಬೀಳುತ್ತಿದ್ದರೆ ಸಂಪಿಗೆ ಅಥವಾ ಇಂಗುಗುಂಡಿಗೆ ತಿರುಗಿಸಿ. ದಿಣ್ಣೆಯ ಮೇಲಿನ ರಾಜಾಜಿನಗರ ತನ್ನ ಮಳೆಯನ್ನು ತಾನೇ ಹಿಡಿದಿಟ್ಟುಕೊಂಡಷ್ಟೂ ತಗ್ಗಿನ ಮನೆಗಳಿಗೆ ಅಪಾಯ ಕಡಿಮೆ.