ಹೆಸರು ಕೇಳದೆ ತೆಗೆದ ಫೋಟೊ

1984ರ ಡಿಸೆಂಬರ್. ಪಾಕಿಸ್ತಾನದ ಪೆಶಾವರದ ಬಳಿ ನಾಸಿರ್ ಬಾಗ್ ಎಂಬ ಅಫ್ಘನ್ ನಿರಾಶ್ರಿತರ ಶಿಬಿರದಲ್ಲಿ ಅಲೆಯುತ್ತಿದ್ದ ಅಮೆರಿಕದ ಛಾಯಾಗ್ರಾಹಕ ಸ್ಟೀವ್ ಮೆಕರಿಗೆ ಡೇರೆಯೊಂದರಿಂದ ಹುಡುಗಿಯರ ದನಿ ಕೇಳಿಸಿತು. ಒಳಗೆ ಶಾಲೆ ನಡೆಯುತ್ತಿತ್ತು. ಹನ್ನೆರಡರ ಆಸುಪಾಸಿನ ಹಸಿರುಗಣ್ಣಿನ ಹುಡುಗಿಯೊಬ್ಬಳು ಕೂಡಲೇ ಅವರ ಕಣ್ಣಿಗೆ ಬಿದ್ದಳು. ಬೆದರಿಯಾಳೆಂದು ಮೊದಲು ಬೇರೆ ಮಕ್ಕಳ ಫೋಟೊ ತೆಗೆದರು, ಆಮೇಲೆ ಅವಳದು. ಕೆಲವೇ ಕ್ಷಣ, ಅವಳು ಎದ್ದುಹೋದಳು. ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ.

ಆ ಫೋಟೊ ಮೂಲೆ ಸೇರುವುದರಲ್ಲಿತ್ತು. ನ್ಯಾಷನಲ್ ಜಿಯಾಗ್ರಫಿಕ್‌ನ ಚಿತ್ರ ಸಂಪಾದಕರಿಗೆ ಹಿಡಿಸಿದ್ದು, ಹುಡುಗಿ ಶಾಲಿನಿಂದ ಮುಖ ಮುಚ್ಚಿಕೊಂಡಿದ್ದ ಇನ್ನೊಂದು. ಪ್ರಧಾನ ಸಂಪಾದಕ ಗ್ಯಾರೆಟ್ ಮಾತ್ರ ತೆರೆದ ಮುಖವನ್ನೇ ಆರಿಸಿದರು. 1985ರ ಜೂನ್ ಮುಖಪುಟದಲ್ಲಿ ಅದು ಅಚ್ಚಾಯಿತು. ಈ ಕಣ್ಣುಗಳು ನಿರಾಶ್ರಿತೆಯ ಭಯವನ್ನು ಹೇಳುತ್ತಿವೆ ಎಂದು ಪಕ್ಕದ ಸಾಲು ಸಾರಿತು. ಓದುಗರು ನಂಬಿದರು. ನಂಬದೆ ಇರಲು ಅವರ ಬಳಿ ಬೇರೇನಿತ್ತು?

2001ರಲ್ಲಿ ಅಮೆರಿಕ ಅಫ್ಘಾನಿಸ್ತಾನದಲ್ಲಿ ಯುದ್ಧಕ್ಕಿಳಿಯಿತು. ಅಲ್ಲಿನ ಮುಸ್ಲಿಂ ಹೆಣ್ಣುಮಕ್ಕಳನ್ನು ಪಾರುಮಾಡುವುದೂ ಅದರ ಸಮರ್ಥನೆಗಳಲ್ಲಿ ಸೇರಿಕೊಂಡಿತು. ಹೆಸರಿಲ್ಲದ ಆ ಮುಖ ಮತ್ತೆ ಎಲ್ಲರಿಗೂ ನೆನಪಾಯಿತು. 2002ರ ಜನವರಿಯಲ್ಲಿ ಮೆಕರಿ ತಂಡದೊಡನೆ ಹುಡುಕಲು ಹೊರಟರು. ಕೈಯಲ್ಲಿದ್ದುದು ಆ ಫೋಟೊ ಒಂದೇ.

ಶಿಬಿರದಲ್ಲಿ ಅದನ್ನು ಹಿಡಿದು ಸುತ್ತಿದರು. ಶಾಲೆಯ ಶಿಕ್ಷಕರೊಬ್ಬರು ಹೆಸರು ಗೊತ್ತೆಂದರು. ಪಕ್ಕದ ಹಳ್ಳಿಯಲ್ಲಿ ಆ ಹೆಸರಿನ ಹೆಂಗಸು ಸಿಕ್ಕಳು ಕೂಡ. ಮೆಕರಿ ನೋಡಿ ತಲೆಯಾಡಿಸಿದರು: ಇವಳಲ್ಲ. ಹುಡುಕಾಟ ನಿಂತೇಹೋಗುತ್ತಿತ್ತು. ಅಷ್ಟರಲ್ಲಿ ಸುದ್ದಿ ಕೇಳಿ ಬಂದವನೊಬ್ಬ, ಚಿಕ್ಕಂದಿನಲ್ಲಿ ಅವಳೊಡನೆ ಇದೇ ಶಿಬಿರದಲ್ಲಿದ್ದೆ, ಈಗ ತೋರಾಬೋರಾ ಬೆಟ್ಟಗಳ ಕಡೆ ಇದ್ದಾಳೆ, ಕರೆತರುತ್ತೇನೆ ಎಂದ. ಆರು ಗಂಟೆ ವಾಹನದ ಹಾದಿ, ಮೂರು ಗಂಟೆ ಕಾಲ್ನಡಿಗೆ, ನಡುವೆ ಗಡಿ. ಮೂರು ದಿನ ಕಾದರು. ಬಂದವಳ ಹೆಸರು ಶರ್ಬತ್ ಗುಲಾ. ಮೂರು ಹೆಣ್ಣುಮಕ್ಕಳ ತಾಯಿ. ಜಗತ್ತೆಲ್ಲ ಕಂಡಿದ್ದ ತನ್ನ ಫೋಟೊವನ್ನು ಆಕೆ ಕಂಡೇ ಇರಲಿಲ್ಲ.

ಇವಳೇ ಎಂದು ಮೆಕರಿಯ ಮನಸ್ಸು ಹೇಳಿತು. ಒಮ್ಮೆ ತಪ್ಪು ಹೆಂಗಸನ್ನು ಕಂಡುಬಂದಿದ್ದ ಪತ್ರಿಕೆಗೆ ಅಷ್ಟು ಸಾಲದಾಯಿತು. ಹಳೆಯ, ಹೊಸ ಫೋಟೊಗಳು ಕೇಂಬ್ರಿಜ್‌ನ ಜಾನ್ ಡಾಗ್ಮನ್ ಮುಂದೆ ಬಂದವು. ಪಾಪೆಯ ಸುತ್ತಲಿನ ಬಣ್ಣದ ಉಂಗುರದ ವಿನ್ಯಾಸವನ್ನು 2048 ಬಿಟ್‌ಗಳ ಸಂಕೇತವಾಗಿಸುವ ವಿಧಾನ ಅವರದು. ಇಬ್ಬರು ಬೇರೆ ಬೇರೆಯವರ ಕಣ್ಣಾದರೆ ಸುಮಾರು ಅರ್ಧದಷ್ಟು ಬಿಟ್‌ಗಳು ತಾಳೆಯಾಗವು. ಇಲ್ಲಿ ಎಡಗಣ್ಣಿನ ವ್ಯತ್ಯಾಸ ಕಾಲುಭಾಗದಷ್ಟು, ಬಲಗಣ್ಣಿನದು ಮೂರನೆಯ ಒಂದು ಭಾಗಕ್ಕಿಂತ ತುಸು ಕಡಿಮೆ. ಅವಳೇ.

ಆದರೆ ಆ ನೋಟದಲ್ಲಿ ಇದ್ದುದೇನು? ಅದನ್ನು ಬಿಟ್‌ಗಳು ಹೇಳುವಂತಿರಲಿಲ್ಲ. ಕೇಳಿದಾಗ ಶರ್ಬತ್ ಗುಲಾಗೆ ನೆನಪಿದ್ದುದು ಕೋಪ. ಗುರುತಿಲ್ಲದ ಗಂಡಸೊಬ್ಬ ಎದುರಿಗಿದ್ದ, ಅಲ್ಲಿಯವರೆಗೆ ಅವಳ ಫೋಟೊವನ್ನು ಯಾರೂ ತೆಗೆದಿರಲಿಲ್ಲ.