ಹಳೆಯ ಡೀಸೆಲ್ ಟ್ರ್ಯಾಕ್ಟರ್ ಚಾಲೂ ಆಗದಿದ್ದಾಗ: ದಹನ ಮತ್ತು ಇಂಧನ ವ್ಯವಸ್ಥೆಯ ದೋಷಗಳನ್ನು ಗುರುತಿಸುವ ಕ್ರಮ

ಮುಂಗಾರಿನ ಹದ ಮಳೆ ಬಿದ್ದ ನಂತರ ಬಿತ್ತನೆಗೆ ದೊರೆಯುವ ಅವಧಿ ಕೆಲವೇ ದಿನಗಳು. ಕೆಂಪು ಮಣ್ಣಿನ ಹೊಲಗಳಲ್ಲಿ ಮೇಲ್ಪದರದ ತೇವ ಇನ್ನೂ ಬೇಗ ಆರುತ್ತದೆ. ಬೇಸಿಗೆಯುದ್ದಕ್ಕೂ ನಿಂತಿದ್ದ ಹಳೆಯ ಟ್ರ್ಯಾಕ್ಟರ್ ಇಂತಹ ದಿನವೇ ಚಾಲೂ ಆಗದೆ ಹೋಗುವುದು ಅನೇಕ ರೈತರ ಅನುಭವ. ಆತುರದಲ್ಲಿ ಇಂಜೆಕ್ಷನ್ ಪಂಪನ್ನು ಬಿಚ್ಚಿಸಿ ದುರಸ್ತಿಗೆ ಕಳುಹಿಸಿದರೆ ಹಣದ ಜೊತೆಗೆ ಹದವೂ ಕೈತಪ್ಪುತ್ತದೆ. ತುಕ್ಕು ಕಟ್ಟಿದ ಬ್ಯಾಟರಿ ಟರ್ಮಿನಲ್, ಕಟ್ಟಿಕೊಂಡ ಫಿಲ್ಟರ್, ಸವೆದ ತಾಮ್ರದ ವಾಷರ್ ಇವುಗಳಿಂದಲೂ ಎಂಜಿನ್ ಇದೇ ರೀತಿ ನಿಂತುಹೋಗಬಹುದು. ಆದುದರಿಂದ ಸುಲಭವಾದ ಪರೀಕ್ಷೆಗಳನ್ನು ಮೊದಲು ಕ್ರಮವಾಗಿ ಮಾಡಿ, ಪಂಪ್ ಬಿಚ್ಚುವುದನ್ನು ಕೊನೆಯ ಹೆಜ್ಜೆಯಾಗಿ ಇಟ್ಟುಕೊಳ್ಳಬೇಕು.

ಈ ಲೇಖನದ ಸಲಹೆಗಳು ಯಾಂತ್ರಿಕ ಇಂಜೆಕ್ಷನ್ ಪಂಪ್ ಹೊಂದಿರುವ ಹಳೆಯ ಟ್ರ್ಯಾಕ್ಟರ್‌ಗಳಿಗೆ ಅನ್ವಯಿಸುತ್ತವೆ. ಅದೇ ಬಗೆಯ ಪಂಪ್ ಇರುವ ಹಳೆಯ ಡೀಸೆಲ್ ಲಾರಿಗಳಿಗೂ ತತ್ತ್ವ ಒಂದೇ.

ಡೀಸೆಲ್ ಎಂಜಿನ್‌ನಲ್ಲಿ ದಹನ ಹೇಗೆ ನಡೆಯುತ್ತದೆ?

ಪೆಟ್ರೋಲ್ ಎಂಜಿನ್‌ನಂತೆ ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾದ ಗಾಳಿಗೆ ನಾಝಲ್ ಮೂಲಕ ಸಿಂಪಡಣೆಯಾದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಎಂಜಿನ್ ಚಾಲೂ ಆಗಲು ಎರಡು ಅಂಶಗಳು ಅಗತ್ಯ: ಗಾಳಿ ಸಾಕಷ್ಟು ಕಾಯುವಷ್ಟು ವೇಗವಾಗಿ ಎಂಜಿನ್ ತಿರುಗಬೇಕು, ಗಾಳಿಗುಳ್ಳೆ ಮತ್ತು ನೀರು ಇಲ್ಲದ ಶುದ್ಧ ಡೀಸೆಲ್ ಸರಿಯಾದ ಸಮಯಕ್ಕೆ ನಾಝಲ್ ತಲುಪಬೇಕು. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್‌ನಿಂದ ಬರುವ ಹೊಗೆಯನ್ನು ನೋಡಿದರೆ ದೋಷ ಯಾವ ಕಡೆ ಇದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

* ಎಂಜಿನ್ ತಿರುಗುವುದೇ ಇಲ್ಲ ಅಥವಾ ಬಹಳ ನಿಧಾನವಾಗಿ ತಿರುಗುತ್ತದೆ: ಬ್ಯಾಟರಿ ಮತ್ತು ಸೆಲ್ಫ್ ಮೋಟಾರ್ ಕಡೆಯ ದೋಷ.
* ಚೆನ್ನಾಗಿ ತಿರುಗುತ್ತದೆ, ಆದರೆ ಸ್ವಲ್ಪವೂ ಹೊಗೆ ಇಲ್ಲ: ಡೀಸೆಲ್ ಸಿಲಿಂಡರ್ ತಲುಪುತ್ತಿಲ್ಲ.
* ತಿರುಗುತ್ತದೆ, ಬಿಳಿ ಹೊಗೆ ಬರುತ್ತದೆ: ಡೀಸೆಲ್ ತಲುಪುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ.

ಎಂಜಿನ್ ತಿರುಗದಿದ್ದರೆ

ಮೊದಲು ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡಿರಿ. ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಕ್ಲಚ್ ಒತ್ತದಿದ್ದರೆ ಅಥವಾ ಗೇರ್ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸುರಕ್ಷತಾ ಸ್ವಿಚ್ ಸೆಲ್ಫ್ ಮೋಟಾರ್‌ಗೆ ವಿದ್ಯುತ್ ಹರಿಯಲು ಬಿಡುವುದಿಲ್ಲ.

ನಂತರ ಬ್ಯಾಟರಿಯನ್ನು ಪರೀಕ್ಷಿಸಿರಿ. ಪೂರ್ಣ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು ಸುಮಾರು 9.5 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲವಾಗಿದೆ ಎಂದು ತಿಳಿಯಬಹುದು. ಬ್ಯಾಟರಿ ಸರಿಯಿದ್ದೂ ಎಂಜಿನ್ ನಿಧಾನವಾಗಿ ತಿರುಗಿದರೆ ಟರ್ಮಿನಲ್‌ಗಳನ್ನು ಮತ್ತು ಬ್ಯಾಟರಿಯಿಂದ ಟ್ರ್ಯಾಕ್ಟರ್ ಮೈಗೆ ಹೋಗುವ ಅರ್ಥ್ ಪಟ್ಟಿಯನ್ನು ಬಿಚ್ಚಿ ಉಜ್ಜಿ ಹೊಳಪಾಗಿಸಿ, ಬಿಗಿಯಾಗಿ ಕೂರಿಸಿರಿ. ಬಿಚ್ಚುವಾಗ ಅರ್ಥ್ ತಂತಿಯನ್ನು ಮೊದಲು ತೆಗೆಯಬೇಕು, ಜೋಡಿಸುವಾಗ ಕೊನೆಯಲ್ಲಿ ಹಾಕಬೇಕು. ಟರ್ಮಿನಲ್ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಮತ್ತೆ ಬೇಗ ತುಕ್ಕು ಕಟ್ಟುವುದಿಲ್ಲ.

ಒಮ್ಮೆಗೆ 10 ಸೆಕೆಂಡ್‌ಗಿಂತ ಹೆಚ್ಚು ಕಾಲ ಸೆಲ್ಫ್ ಹೊಡೆಯಬಾರದು. ಪ್ರತಿ ಪ್ರಯತ್ನದ ನಡುವೆ ಒಂದು ನಿಮಿಷವಾದರೂ ಬಿಡುವು ಕೊಡಬೇಕು. ಇಲ್ಲದಿದ್ದರೆ ಸೆಲ್ಫ್ ಮೋಟಾರ್ ಸುಟ್ಟುಹೋಗುವ ಅಪಾಯವಿದೆ.

ತಿರುಗಿದರೂ ಹೊಗೆ ಬಾರದಿದ್ದರೆ

ಈ ಕೆಳಗಿನ ಅಂಶಗಳನ್ನು ಇದೇ ಕ್ರಮದಲ್ಲಿ ನೋಡಿರಿ.

1. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ? ಗೇಜನ್ನು ನಂಬದೆ ಮುಚ್ಚಳ ತೆಗೆದು ನೋಡಿರಿ. ಟ್ಯಾಂಕಿನ ಕೆಳಗಿನ ಕಾಕ್ ತೆರೆದಿದೆಯೇ ಎಂದೂ ಪರಿಶೀಲಿಸಿರಿ.
2. ಎಂಜಿನ್ ನಿಲ್ಲಿಸಲು ಎಳೆಯುವ ಗುಂಡಿ ಪೂರ್ತಿ ಒಳಗೆ ಹೋಗಿದೆಯೇ? ಅದರ ಕೇಬಲ್ ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೆ ಪಂಪಿನ ಮೇಲಿನ ಲಿವರ್ ‘ನಿಲುಗಡೆ’ ಸ್ಥಾನದಲ್ಲೇ ಉಳಿದು ಡೀಸೆಲ್ ಹೋಗುವುದಿಲ್ಲ. ಕೀಲಿಯಿಂದಲೇ ನಿಲ್ಲುವ ಟ್ರ್ಯಾಕ್ಟರ್ ಆಗಿದ್ದರೆ ಕೀಲಿ ತಿರುಗಿಸಿದಾಗ ಪಂಪಿನ ಸೊಲೆನಾಯ್ಡ್ ‘ಟಕ್’ ಎಂದು ಸದ್ದು ಮಾಡುತ್ತದೆಯೇ ಎಂದು ಆಲಿಸಿರಿ. ಸದ್ದಿಲ್ಲದಿದ್ದರೆ ಫ್ಯೂಸ್ ಮತ್ತು ತಂತಿಯನ್ನು ನೋಡಬೇಕು.
3. ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದು 15 ನಿಮಿಷ ಬಿಡಿರಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.
4. ಫಿಲ್ಟರುಗಳನ್ನು ಬದಲಿಸಿ ಎಷ್ಟು ಗಂಟೆಗಳ ಕೆಲಸವಾಗಿದೆ? ಕೈಪಿಡಿಯಲ್ಲಿ ಸೂಚಿಸಿದ ಅವಧಿ ಮೀರಿದ್ದರೆ ಬದಲಿಸಿರಿ. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಬಳಸಬಾರದು.

ಡೀಸೆಲ್ ಮಾರ್ಗದ ಗಾಳಿ ತೆಗೆಯುವ ವಿಧಾನ

ಟ್ಯಾಂಕ್ ಬರಿದಾದಾಗ ಅಥವಾ ಫಿಲ್ಟರ್ ಬದಲಿಸಿದಾಗ ಮಾರ್ಗದೊಳಗೆ ಗಾಳಿ ಸೇರುತ್ತದೆ. ಗಾಳಿ ಕುಗ್ಗುವುದರಿಂದ ನಾಝಲ್ ತೆರೆಯುವಷ್ಟು ಒತ್ತಡ ಉಂಟಾಗುವುದಿಲ್ಲ. ಗಾಳಿಯನ್ನು ಟ್ಯಾಂಕಿನ ಕಡೆಯಿಂದ ಎಂಜಿನ್ ಕಡೆಗೆ ಹಂತಹಂತವಾಗಿ ಹೊರಹಾಕಬೇಕು.

1. ಸುತ್ತಲಿನ ಧೂಳು, ಮಣ್ಣನ್ನು ಮೊದಲು ಒರೆಸಿರಿ.
2. ಮೊದಲನೆಯ ಫಿಲ್ಟರಿನ ಮೇಲಿನ ಗಾಳಿ ಬಿಡುವ ಸ್ಕ್ರೂವನ್ನು ಸಡಿಲಿಸಿ ಫೀಡ್ ಪಂಪಿನ ಕೈ ಲಿವರನ್ನು ಒತ್ತಿರಿ. ಲಿವರ್‌ಗೆ ಬಿಗಿ ಸಿಗದಿದ್ದರೆ ಎಂಜಿನನ್ನು ಸ್ವಲ್ಪ ತಿರುಗಿಸಿ ಮತ್ತೆ ಪ್ರಯತ್ನಿಸಿರಿ.
3. ಗುಳ್ಳೆ ನಿಂತು ಡೀಸೆಲ್ ಒಂದೇ ಧಾರೆಯಾಗಿ ಬಂದಾಗ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಗೊಳಿಸಿರಿ.
4. ಇದನ್ನೇ ಎರಡನೆಯ ಫಿಲ್ಟರ್, ನಂತರ ಇಂಜೆಕ್ಷನ್ ಪಂಪಿನ ಸ್ಕ್ರೂಗಳಲ್ಲಿ ಪುನರಾವರ್ತಿಸಿರಿ.
5. ಆಗಲೂ ಚಾಲೂ ಆಗದಿದ್ದರೆ ನಾಝಲ್‌ಗಳಿಗೆ ಹೋಗುವ ಪೈಪಿನ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಮುಖ ಮತ್ತು ಕೈಗಳನ್ನು ದೂರವಿಟ್ಟು ಸೆಲ್ಫ್ ಹೊಡೆಸಿರಿ. ಡೀಸೆಲ್ ಜಿನುಗಿದೊಡನೆ ನಟ್ ಬಿಗಿಗೊಳಿಸಿರಿ.

ಎಷ್ಟು ಒತ್ತಿದರೂ ಗುಳ್ಳೆ ನಿಲ್ಲದಿದ್ದರೆ ಟ್ಯಾಂಕ್ ಮತ್ತು ಫೀಡ್ ಪಂಪಿನ ನಡುವೆ ಎಲ್ಲೋ ಗಾಳಿ ಒಳಸೇರುತ್ತಿದೆ ಎಂದರ್ಥ. ಬಿರುಕುಬಿಟ್ಟ ರಬ್ಬರ್ ಪೈಪ್ ಮತ್ತು ಸವೆದ ತಾಮ್ರದ ವಾಷರ್‌ಗಳನ್ನು ಬದಲಿಸಿರಿ.

ಬಿಳಿ ಹೊಗೆ ಬಂದರೂ ಹೊತ್ತಿಕೊಳ್ಳದಿದ್ದರೆ

ಎಂಜಿನ್ ನಿಧಾನವಾಗಿ ತಿರುಗುವುದು, ಡೀಸೆಲ್‌ನಲ್ಲಿ ನೀರು ಬೆರೆತಿರುವುದು, ಚಳಿಯ ಬೆಳಗಿನಲ್ಲಿ ಹೀಟರ್ ಕೆಲಸ ಮಾಡದಿರುವುದು ಇದಕ್ಕೆ ಕಾರಣವಾಗಬಹುದು. ಇವೆಲ್ಲ ಸರಿಯಿದ್ದರೆ ಮಾತ್ರ ನಾಝಲ್, ಪಂಪಿನ ಟೈಮಿಂಗ್ ಮತ್ತು ಕಂಪ್ರೆಷನ್ ಪರೀಕ್ಷೆಗೆ ತರಬೇತಿ ಪಡೆದ ಮೆಕ್ಯಾನಿಕ್‌ರನ್ನು ಕರೆಯಿಸಿರಿ. ಚಾಲೂ ಆದ ಮೇಲೂ ಬಿಳಿ ಹೊಗೆ ಮುಂದುವರಿದು ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹಾಳಾಗಿರಬಹುದು, ಎಂಜಿನನ್ನು ಓಡಿಸಬಾರದು.

ಕೆಲಸದ ನಡುವೆ ನಿಂತುಹೋದರೆ

ಸ್ವಲ್ಪ ಹೊತ್ತು ಓಡಿ ನಿಂತು, ಬಿಡುವು ಕೊಟ್ಟ ನಂತರ ಮತ್ತೆ ಚಾಲೂ ಆಗುತ್ತಿದ್ದರೆ ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಮುಚ್ಚಿಹೋಗಿರಬಹುದು. ಮುಚ್ಚಳ ಸಡಿಲಿಸಿದಾಗ ‘ಸುಸ್’ ಎಂದು ಗಾಳಿ ಒಳಹೋದರೆ ಇದೇ ಕಾರಣ. ರಂಧ್ರವನ್ನು ಶುಚಿಗೊಳಿಸಿದರೆ ಸಾಕು. ಭಾರ ಎಳೆಯುವಾಗ ಕಪ್ಪು ಹೊಗೆ ಬಂದು ಶಕ್ತಿ ಕುಂದಿದರೆ ಮೊದಲು ಏರ್ ಕ್ಲೀನರ್ ಶುಚಿಗೊಳಿಸಿರಿ. ಎಂಜಿನ್ ಆಯಿಲ್ ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬರುತ್ತಿದ್ದರೆ ಫೀಡ್ ಪಂಪಿನ ಡಯಾಫ್ರಾಮ್ ಹರಿದಿರಬಹುದು. ದೋಷ ಸರಿಪಡಿಸಿ ಆಯಿಲ್ ಬದಲಿಸುವವರೆಗೆ ಟ್ರ್ಯಾಕ್ಟರ್ ಬಳಸಬಾರದು.

ಮಾಡಬಾರದ ಕೆಲಸಗಳು

* ನೆಲದ ಮೇಲೆ ನಿಂತು ಸೆಲ್ಫ್ ಮೋಟಾರಿನ ಎರಡು ಟರ್ಮಿನಲ್‌ಗಳಿಗೆ ಸ್ಪ್ಯಾನರ್ ತಾಗಿಸಿ ಚಾಲೂ ಮಾಡಬಾರದು. ಗೇರ್‌ನಲ್ಲಿದ್ದ ಟ್ರ್ಯಾಕ್ಟರ್ ಮುಂದೆ ನುಗ್ಗಿ ಚಾಲಕನ ಮೇಲೆಯೇ ಹರಿಯಬಹುದು.
* ಏರ್ ಕ್ಲೀನರ್ ಬಾಯಿಗೆ ಪೆಟ್ರೋಲ್ ಸುರಿಯಬಾರದು, ಉರಿಯುವ ಬಟ್ಟೆ ಹಿಡಿಯಬಾರದು.
* ನಾಝಲ್ ಸಿಂಪಡಣೆಗೆ ಕೈ ಒಡ್ಡಬಾರದು. ಅಧಿಕ ಒತ್ತಡದ ಡೀಸೆಲ್ ಚರ್ಮವನ್ನು ಭೇದಿಸಿ ಒಳಸೇರುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.
* ಹೊಸ ಮಾದರಿಯ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒತ್ತಡ ಇನ್ನೂ ಹಲವು ಪಟ್ಟು ಹೆಚ್ಚು. ಅವುಗಳ ಪೈಪ್ ನಟ್‌ಗಳನ್ನು ಸಡಿಲಿಸಲೇಬಾರದು.

ಮುಂಜಾಗ್ರತೆ

ಅರ್ಧ ಖಾಲಿಯಿರುವ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವಾಂಶ ನೀರಾಗಿ ಇಳಿಯುತ್ತದೆ. ಆದ್ದರಿಂದ ದಿನದ ಕೆಲಸ ಮುಗಿದ ಮೇಲೆ, ಸಂಜೆಯೇ ಟ್ಯಾಂಕ್ ತುಂಬಿಸುವುದು ಒಳ್ಳೆಯದು. ಕ್ಯಾನಿನಲ್ಲಿ ತಂದ ಡೀಸೆಲನ್ನು ಒಂದು ದಿನ ಅಲುಗಾಡದಂತೆ ಇಟ್ಟು, ತಳದ ಭಾಗವನ್ನು ಬಿಟ್ಟು ಜಾಲರಿಯ ಮೂಲಕ ಸುರಿಯಿರಿ. ಮುಂಗಾರಿಗೆ 15 ದಿನ ಮುಂಚೆಯೇ ಟ್ರ್ಯಾಕ್ಟರನ್ನು ಒಮ್ಮೆ ಚಾಲೂ ಮಾಡಿ ನೋಡಿದರೆ ದೋಷ ಕಂಡರೂ ಸರಿಪಡಿಸಲು ಸಮಯವಿರುತ್ತದೆ.

ವಿಸ್ತರಣಾ ಕಾರ್ಯಕರ್ತರು ರೈತರಿಂದ ಕರೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಬೇಕು: ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ? ಹೊಗೆ ಬರುತ್ತಿದೆಯೇ, ಯಾವ ಬಣ್ಣ? ಇತ್ತೀಚೆಗೆ ಡೀಸೆಲ್ ಖಾಲಿಯಾಗಿತ್ತೇ ಅಥವಾ ಫಿಲ್ಟರ್ ಬದಲಿಸಲಾಗಿತ್ತೇ? ಈ ಉತ್ತರಗಳು ದೊರೆತರೆ ರೈತರು ಮೊದಲು ಯಾವ ಭಾಗವನ್ನು ನೋಡಬೇಕೆಂದು ದೂರವಾಣಿಯಲ್ಲೇ ತಿಳಿಸಬಹುದು. ಹೆಚ್ಚಿನ ಮಾರ್ಗದರ್ಶನಕ್ಕೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.