ಮುಳುಗಿ ಉಳಿದ ಯಂತ್ರ

1901ರಲ್ಲಿ ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ, ಮುಳುಗಿದ್ದ ಹಡಗೊಂದರಿಂದ ಶಿಲ್ಪಗಳನ್ನು ಮೇಲೆತ್ತುವಾಗ ಕಿಲುಬುಗಟ್ಟಿದ ಕಂಚಿನ ಮುದ್ದೆಯೊಂದೂ ಬಂತು. ಅದರೊಳಗೆ ಹಲ್ಲುಚಕ್ರವಿರುವುದು ಮರುವರ್ಷ ಕಣ್ಣಿಗೆ ಬಿತ್ತು. ಅಥೆನ್ಸಿನ ವಸ್ತುಸಂಗ್ರಹಾಲಯದಲ್ಲಿರುವ ಅದರ 82 ಚೂರುಗಳಲ್ಲಿ ಈಗ 30 ಚಕ್ರಗಳು ಗುರುತಾಗಿವೆ. ಎರಡು ಸಾವಿರ ವರ್ಷ ಹಳೆಯ ಈ ಯಂತ್ರವನ್ನು ತಿರುಗಿಸಿದರೆ ಮುಳ್ಳುಗಳು ಸೂರ್ಯಚಂದ್ರರ ಸ್ಥಾನವನ್ನೂ ಗ್ರಹಣದ ತಿಂಗಳನ್ನೂ ತೋರಿಸುತ್ತಿದ್ದವು. ಆ ಕಾಲದವರಿಗೆ ಇದೆಲ್ಲ ಎಲ್ಲಿ ಗೊತ್ತಿತ್ತು ಎಂದು ಅನ್ಯಗ್ರಹದವರನ್ನು ಕರೆತರುವವರಿಗೆ ಬರವಿಲ್ಲ. ನನಗೆ ಕಾಣುವುದು ಬೇರೆ: ಯಂತ್ರ ತನ್ನ ಕಾಲದ್ದೇ, ಆ ಕಾಲವನ್ನು ನಾವು ಅಳೆದದ್ದು ತಪ್ಪು.

ಇದಕ್ಕೆ ಸಾಕ್ಷಿ ಚಕ್ರಗಳ ಹಲ್ಲುಗಳಲ್ಲೇ ಇದೆ. 2005ರಲ್ಲಿ ಎಕ್ಸ್-ರೇ ಹಾಯಿಸಿ ನೋಡಿದ ಮೇಲೆ, ಒಂದು ಚಕ್ರಕ್ಕೆ 223 ಹಲ್ಲುಗಳೆಂಬುದು ಖಚಿತವಾಯಿತು. ಗ್ರಹಣಗಳು 223 ಚಾಂದ್ರಮಾಸಗಳಿಗೊಮ್ಮೆ ಮರುಕಳಿಸುತ್ತವೆಂದು ಬ್ಯಾಬಿಲೋನಿಯದವರು ಆಗಲೇ ಕಂಡುಕೊಂಡಿದ್ದರು. ಯಂತ್ರದ ಇನ್ನೊಂದು ಮುಳ್ಳಿನ ಫಲಕದಲ್ಲಿರುವುದು 19 ವರ್ಷಕ್ಕೆ 235 ತಿಂಗಳ ಲೆಕ್ಕ. ಹನ್ನೆರಡರಂತೆ ಎಣಿಸಿದರೆ ಏಳು ಹೆಚ್ಚು. ಅಧಿಕಮಾಸ ಕಂಡ ನಮಗೆ ಇದೇನು ಹೊಸದೇ? ಎಲ್ಲಕ್ಕಿಂತ ಸೊಗಸಾದದ್ದು ಚಂದ್ರನ ಜೋಡಿಚಕ್ರ. ತಲಾ 50 ಹಲ್ಲಿನ ಎರಡು ಚಕ್ರಗಳು ಒಂದರ ಮೇಲೊಂದಿವೆ, ನಡುಗಂಬಿ ಮಾತ್ರ ಮಿಲಿಮೀಟರಿನಷ್ಟು ಆಚೀಚೆ. ಒಂದರ ಮೊಳೆ ಇನ್ನೊಂದರ ಸೀಳಿನಲ್ಲಿ ಜಾರುತ್ತ ಅದನ್ನು ಒಮ್ಮೆ ಚುರುಕಾಗಿ, ಒಮ್ಮೆ ನಿಧಾನವಾಗಿ ತಿರುಗಿಸುತ್ತದೆ. ಆಕಾಶದಲ್ಲಿ ಚಂದ್ರ ನಡೆಯುವುದೂ ಹಾಗೆಯೇ. ಈ ಏರಿಳಿತವನ್ನು ವೃತ್ತಗಳಿಂದಲೇ ವಿವರಿಸಿದ್ದು ಕ್ರಿಸ್ತಪೂರ್ವ 2ನೇ ಶತಮಾನದ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್. ಚಂದ್ರನ ದಾರಿ ದೀರ್ಘವೃತ್ತವೆಂದು ಅವನಿಗೂ ತಿಳಿದಿರಲಿಲ್ಲ, ಯಂತ್ರಕ್ಕೂ ತಿಳಿದಿಲ್ಲ. ನಕ್ಷತ್ರಗಳ ನಡುವೆ ಹಾರಿಬಂದವರು ಇಷ್ಟು ತಿಳಿಯದೆ ಬಂದರೇ!

ಹಾಗಾದರೆ ಇಂಥದ್ದು ಇನ್ನೊಂದೂ ಏಕೆ ಸಿಗಲಿಲ್ಲ ಎಂಬ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಉತ್ತರ ಕಂಚಿನಲ್ಲಿದೆ. ಒಡೆದ ಹಿತ್ತಾಳೆ ಪಾತ್ರೆಯನ್ನು ನಮ್ಮಲ್ಲಿ ಯಾರೂ ತಿಪ್ಪೆಗೆಸೆಯುವುದಿಲ್ಲ, ತೂಕಕ್ಕೆ ಹಾಕುತ್ತಾರೆ. ಗ್ರೀಕರ ಕಂಚಿನ ವಿಗ್ರಹಗಳೇ ಬಹುಪಾಲು ಕರಗಿಹೋದವು. ನಮಗೆ ದಕ್ಕಿದವುಗಳಲ್ಲಿ ಹಲವು ಕಡಲಡಿ ಸಿಕ್ಕವು. ಯಂತ್ರ ಹೋದರೂ ಅದರ ಸುದ್ದಿ ಉಳಿದಿದೆ: ಆರ್ಕಿಮಿಡೀಸ್ ಮಾಡಿದ, ಸೂರ್ಯಚಂದ್ರರು ಚಲಿಸುವ ಗೋಳದ ಬಗ್ಗೆ ರೋಮಿನ ಸಿಸೆರೊ ಬರೆದಿದ್ದಾನೆ. ವಿದ್ಯೆಯೂ ಪೂರ್ತಿ ಅಳಿಯಲಿಲ್ಲ. ಹಲ್ಲುಚಕ್ರದ ಪಂಚಾಂಗ ಜೋಡಿಸಿದ ಬೈಜಾಂಟಿಯನ್ ನೆರಳುಗಡಿಯಾರವೊಂದು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ; ಅಂಥದ್ದೇ ಒಂದನ್ನು ಮಾಡುವ ಬಗೆಯನ್ನು ಸಾವಿರ ವರ್ಷದ ಹಿಂದೆ ವಿದ್ವಾಂಸ ಅಲ್‌ಬಿರೂನಿ ಬರೆದಿಟ್ಟಿದ್ದಾನೆ.